ಫೋನಿನ ಮಾತು ಮೊದಲು ಹೋಗಲಿ: ಆಫೀಸ್ ಲಿಂಕ್‌ನ ಟ್ರಾಫಿಕ್ ಸರಿ ಮಾಡುವುದು ಹೇಗೆ?

"ಆರು ಸಾವಿರದ ನೂರೋ, ಆರುನೂರೋ? ಸರಿಯಾಗಿ ಕೇಳಿಸ್ಲಿಲ್ಲ ಅಣ್ಣ, ಇನ್ನೊಂದ್ಸಲ ಹೇಳ್ರಿ."

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ದಲ್ಲಾಳಿ ಅಂಗಡಿ. ಗುಮಾಸ್ತರು ಚಳ್ಳಕೆರೆ ಬ್ರಾಂಚ್‌ಗೆ ಫೋನ್ ಮಾಡಿ ಶೇಂಗಾ ರೇಟು ಕೇಳುತ್ತಿದ್ದರು. ಫೋನ್ ಓಡುವುದು ಎರಡು ಅಂಗಡಿಗಳ ನಡುವಿನ ಇಂಟರ್‌ನೆಟ್ ಲಿಂಕ್ ಮೇಲೆ. ಮಾತು ತುಂಡು ತುಂಡಾಗಿ ಬರುತ್ತಿತ್ತು. ಕ್ವಿಂಟಾಲ್‌ಗೆ ಐನೂರು ರೂಪಾಯಿ ಹೆಚ್ಚುಕಮ್ಮಿ ಆದರೆ ಲೋಡ್ ಮೇಲೆ ಎಷ್ಟಾಯ್ತು, ಲೆಕ್ಕ ಹಾಕಿ. ಲಿಂಕ್ ಕೊಟ್ಟವರು "ದೊಡ್ಡ ಪ್ಲಾನ್ ಹಾಕಿಸಿ" ಅಂದರು. ಅದನ್ನೂ ಮಾಡಿದೆವು. ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ಹೊಸದಾಗಿ ಸಿಕ್ಕ ಜಾಗವನ್ನೂ ಸಿಸಿಟಿವಿ ಬ್ಯಾಕಪ್ ತುಂಬಿಕೊಂಡಿತ್ತು.

ಅಶೋಕ ರಸ್ತೆಯ ರೈಲ್ವೆ ಗೇಟ್ ಹಾಕಿದಾಗ ಕಾಯ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾರಿ, ಆಟೋ, ಆಂಬುಲೆನ್ಸ್ ಎಲ್ಲಾ ಒಂದೇ ಸಾಲು. ಆಂಬುಲೆನ್ಸ್‌ಗೆ ಬೇಕಾಗಿದ್ದು ಅಗಲವಾದ ರಸ್ತೆಯಲ್ಲ, ಮುಂದೆ ಬಿಡುವವರು. ಲಿಂಕ್‌ನಲ್ಲಿ ಆ ಕೆಲಸ ರೂಟರ್ ಮಾಡಬೇಕು. ಆದರೆ ಸಾಲು ನಿಮ್ಮ ರೂಟರ್‌ನಲ್ಲೇ ನಿಂತರೆ ಮಾತ್ರ ಅದು ಮಾಡಬಲ್ಲದು. ಬಹಳ ಜನ ಎಡವುವುದು ಇಲ್ಲೇ.

ಸಾಮಾನ್ಯವಾಗಿ ಸಾಲು ನಿಲ್ಲುವುದು ರೂಟರ್‌ನ ಮುಂದಿನ ಮೋಡೆಮ್‌ನಲ್ಲಿ, ಅಂದರೆ ಹೊರಗಿನ ಲಿಂಕ್ ಬಂದು ಸೇರುವ ಡಬ್ಬಿಯಲ್ಲಿ. ಯಾಕೆಂದರೆ ಅಂಗಡಿಯೊಳಗಿನ ಕೇಬಲ್ 1000 ಮೆಗಾಬಿಟ್ ವೇಗದ್ದು, ಹೊರಗಿನ ಲಿಂಕ್ 20 ಮೆಗಾಬಿಟ್. ಮೋಡೆಮ್ ಒಳಗೆ ಬರೀ 1 ಮೆಗಾಬೈಟ್ ಜಮಾ ಆದರೂ 20 ಮೆಗಾಬಿಟ್ ಲಿಂಕ್‌ನಲ್ಲಿ ಅದು ಕರಗಲು 400 ಮಿಲಿಸೆಕೆಂಡ್ ಬೇಕು. ಫೋನ್ ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿರಲಿ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಇನ್ನು ಮಾತು ಸರಿಯಾಗಿ ಕೇಳುವುದು ಹೇಗೆ?

ಮೊದಲು ಅಳೆಯಿರಿ

ಪ್ಲಾನ್‌ನಲ್ಲಿ ಬರೆದ ವೇಗ ಬಿಡಿ, ನಿಜವಾಗಿ ಎಷ್ಟು ಸಿಗುತ್ತದೆ ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ. ಅಪ್‌ಲೋಡ್ ಮುಖ್ಯ. ನಮಗೆ 20ರ ಪ್ಲಾನ್‌ನಲ್ಲಿ ಸಿಕ್ಕಿದ್ದು 18 ಮೆಗಾಬಿಟ್. ಮೆಗಾಬಿಟ್ ಬೇರೆ, ಮೆಗಾಬೈಟ್ ಬೇರೆ. 8 ಪಟ್ಟು ವ್ಯತ್ಯಾಸ, ಗಮನ ಇರಲಿ.

ಆಮೇಲೆ ಶೇಪಿಂಗ್

ಅಳೆದ ವೇಗಕ್ಕಿಂತ ಸ್ವಲ್ಪ ಕಮ್ಮಿಗೆ, ನೂರಕ್ಕೆ 90ರಿಂದ 95ರಷ್ಟಕ್ಕೆ, ನಿಮ್ಮ ರೂಟರ್ ಅನ್ನೇ ಬಿಗಿ ಮಾಡಿ. 18 ಇದ್ದಲ್ಲಿ ನಾವು 17 ಇಟ್ಟೆವು. ದುಡ್ಡು ಕೊಟ್ಟ ವೇಗ ಬಿಟ್ಟುಕೊಡೋದಾ ಅಂತ ಸಾಹುಕಾರರಿಗೆ ಮನಸ್ಸೇ ಬರಲಿಲ್ಲ. ಆದರೆ ಆ ಒಂದು ಮೆಗಾಬಿಟ್ ಬಿಟ್ಟಿದ್ದಕ್ಕೇ ಸಾಲು ಮೋಡೆಮ್‌ನಿಂದ ನಮ್ಮ ರೂಟರ್‌ಗೆ ಬಂತು. ಶೇಪಿಂಗ್ ಅಂದರೆ ಹೆಚ್ಚಾದ ಪ್ಯಾಕೆಟ್‌ಗಳನ್ನು (ಡೇಟಾದ ಚಿಕ್ಕ ತುಂಡುಗಳನ್ನು) ಕಾಯಿಸಿ ಬಿಡುವುದು. ಪೊಲೀಸಿಂಗ್ ಅಂದರೆ ಮಿತಿ ಮೀರಿದ್ದನ್ನು ಅಲ್ಲೇ ಎಸೆಯುವುದು. ಹೊರಹೋಗುವ ಲಿಂಕ್‌ಗೆ ಶೇಪಿಂಗೇ ಬೇಕು.

ನಾವು ಹಾಕಿದ್ದು ಮೈಕ್ರೋಟಿಕ್ ರೂಟರ್. ಅದರ ಕ್ಯೂ ಟ್ರೀಯಲ್ಲಿ (ಸಾಲುಗಳನ್ನು, ಅಂದರೆ ಕ್ಯೂಗಳನ್ನು, ಒಂದರ ಕೆಳಗೊಂದು ಜೋಡಿಸುವ ಜಾಗ) ಹೊರಗಿನ ಲಿಂಕ್‌ನ ಇಂಟರ್‌ಫೇಸ್ ಮೇಲೆ ಒಂದು ತಾಯಿ ಕ್ಯೂ ಮಾಡಿ, ಮ್ಯಾಕ್ಸ್ ಲಿಮಿಟ್ (ದಾಟಬಾರದ ವೇಗ) 17 ಮೆಗಾಬಿಟ್ ಕೊಡಿ. ಇದನ್ನು ಖಾಲಿ ಬಿಟ್ಟರೆ ಕೆಳಗಿನ ಪ್ರಯಾರಿಟಿ ಯಾವುದೂ ಕೆಲಸ ಮಾಡುವುದಿಲ್ಲ. ಸಿಸ್ಕೋ ರೂಟರ್ ಇದ್ದರೂ ವಿಚಾರ ಇದೇ: ಮೇಲೆ ಶೇಪ್ ಮಾಡುವ ಪಾಲಿಸಿ, ಅದರೊಳಗೆ ಒಂದೊಂದು ಬಗೆಯ ಟ್ರಾಫಿಕ್‌ನ (ಕ್ಲಾಸ್‌ಗಳ) ಪಾಲಿಸಿ.

ಯಾವುದು ಯಾರದು ಗುರುತಿಸಿ

ಮೈಕ್ರೋಟಿಕ್‌ನಲ್ಲಿ ಗುರುತು ಹಾಕುವ ಜಾಗದ ಹೆಸರು ಮ್ಯಾಂಗಲ್. ಅಲ್ಲಿ ಮೊದಲು ಕನೆಕ್ಷನ್‌ಗೆ ಗುರುತು ಹಾಕಿ, ಆಮೇಲೆ ಪ್ಯಾಕೆಟ್‌ಗೆ. ಬಹಳಷ್ಟು ಐಪಿ ಫೋನ್‌ಗಳಲ್ಲಿ ಮಾತಿನ ಪ್ಯಾಕೆಟ್ ಮೇಲೆ ಡಿಎಸ್‌ಸಿಪಿ 46 ಎಂಬ 'ಮುಂದೆ ಬಿಡಿ' ಗುರುತು ಬರುವಂತೆ ಮಾಡಬಹುದು. ಆದರೆ ಆ ಗುರುತನ್ನು ಯಾವ ಕಂಪ್ಯೂಟರ್ ಬೇಕಾದರೂ ಹಾಕಿಕೊಳ್ಳಬಹುದು. ಹಾಗಾಗಿ ಫೋನ್‌ಗಳ ಐಪಿ ವಿಳಾಸವೂ ಹೊಂದಿದರೆ ಮಾತ್ರ ನಂಬಿ. ಸಿಸಿಟಿವಿ ಡಬ್ಬಿಯನ್ನು ಅದರ ಐಪಿಯಿಂದಲೇ ಹಿಡಿಯಿರಿ. ಎರಡು ಅಂಗಡಿಗಳ ನಡುವೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ದಾರಿ) ಇದ್ದರೆ ಪ್ಯಾಕೆಟ್ ಎನ್‌ಕ್ರಿಪ್ಟ್ ಆಗುವ, ಅಂದರೆ ಗುಪ್ತ ಲಿಪಿಗೆ ಬದಲಾಗುವ ಮೊದಲೇ ಗುರುತಿಸಬೇಕು. ಆಮೇಲೆ ಒಳಗೇನಿದೆ ಅಂತ ರೂಟರ್‌ಗೂ ಕಾಣುವುದಿಲ್ಲ.

ನಾನು ಇಡೀ ಒಂದು ಮಧ್ಯಾಹ್ನ ಕಳೆದದ್ದು ಇಲ್ಲೇ. ಎಲ್ಲಾ ಸರಿಯಾಗಿ ಬರೆದಿದ್ದರೂ ಫೋನ್ ಕ್ಯೂನಲ್ಲಿ ಹಾದ ಪ್ಯಾಕೆಟ್‌ಗಳ ಲೆಕ್ಕ ಏರುತ್ತಲೇ ಇರಲಿಲ್ಲ. ನಾಲ್ಕು ಸಲ ಅಳಿಸಿ ಬರೆದೆ. ಕಾರಣ ಫೈರ್‌ವಾಲ್‌ನಲ್ಲಿ ಮೊದಲೇ ಇದ್ದ ಫಾಸ್ಟ್‌ಟ್ರ್ಯಾಕ್ ಎಂಬ ಒಂದು ನಿಯಮ. ಅದರಲ್ಲಿ ಹೋಗುವ ಕನೆಕ್ಷನ್‌ಗಳು ಮ್ಯಾಂಗಲ್ ಅನ್ನೇ ಮುಟ್ಟದೆ ಹೋಗುತ್ತವೆ, ಗುರುತು ಬೀಳುವುದೇ ಇಲ್ಲ. ಅದನ್ನು ಡಿಸೇಬಲ್ ಮಾಡಿದ ಕ್ಷಣ ಲೆಕ್ಕ ಓಡತೊಡಗಿತು. ನೀವು ಮೊದಲು ಅದನ್ನೇ ನೋಡಿ.

ಪಾಲು ಹಂಚಿ

ಜಿ.711 (ಮಾತನ್ನು ಡೇಟಾ ಮಾಡುವ ಒಂದು ಸಾಮಾನ್ಯ ವಿಧಾನ) ಬಳಸುವ ಕರೆ ಒಂದಕ್ಕೆ, ಪ್ರತಿ ದಿಕ್ಕಿಗೆ, ಸುಮಾರು 90 ಕಿಲೋಬಿಟ್ ಬೇಕು. ವಿಪಿಎನ್ ಇದ್ದರೆ 100 ದಾಟಬಹುದು. ನಮ್ಮಲ್ಲಿ ಒಟ್ಟಿಗೆ ಆರು ಕರೆ, ಹಾಗಾಗಿ ಫೋನ್‌ಗೆ ಲಿಮಿಟ್ ಅಟ್ (ಖಾತ್ರಿ ಪಾಲು) 1 ಮೆಗಾಬಿಟ್, ಮ್ಯಾಕ್ಸ್ 2, ಪ್ರಯಾರಿಟಿ 1. ಇದರಲ್ಲಿ 1 ಅಂದರೆ ಎಲ್ಲರಿಗಿಂತ ಮುಂದೆ, 8 ಅಂದರೆ ಕೊನೆ. ಬಿಲ್ಲಿಂಗ್‌ಗೆ ಲಿಮಿಟ್ ಅಟ್ 5, ಪ್ರಯಾರಿಟಿ 3. ಉಳಿದ ಬ್ರೌಸಿಂಗ್‌ಗೆ 4, ಪ್ರಯಾರಿಟಿ 6. ಇವೆರಡಕ್ಕೂ ಮ್ಯಾಕ್ಸ್ 17. ಸಿಸಿಟಿವಿ ಬ್ಯಾಕಪ್‌ಗೆ 1, ಪ್ರಯಾರಿಟಿ 8, ಮ್ಯಾಕ್ಸ್ 12. ಲಿಮಿಟ್ ಅಟ್‌ಗಳ ಮೊತ್ತ ತಾಯಿ ಕ್ಯೂನ 17 ಮೀರಬಾರದು. ರಾತ್ರಿ ಲಿಂಕ್ ಖಾಲಿ ಇದ್ದಾಗ ಬ್ಯಾಕಪ್ 12ರವರೆಗೂ ಓಡಿಕೊಳ್ಳುತ್ತದೆ, ಯಾರಿಗೂ ತೊಂದರೆಯಿಲ್ಲ.

ಫೋನ್‌ಗೆ ಮ್ಯಾಕ್ಸ್ ಹಾಕದೆ ಬಿಡಬೇಡಿ. ತಪ್ಪಿ ಬೇರೇನೋ ಆ ಕ್ಯೂಗೆ ನುಗ್ಗಿದರೆ ಉಳಿದವರಿಗೆಲ್ಲ ಉಪವಾಸ.

ಪರೀಕ್ಷೆ

ಚಳ್ಳಕೆರೆ ರೂಟರ್‌ಗೆ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಸಮಯ ತೋರಿಸುವ ಪರೀಕ್ಷೆ) ಹಚ್ಚಿ ಬಿಡಿ. ಸುಮ್ನೆ ಇದ್ದಾಗ ಎಷ್ಟು ಬರುತ್ತದೆ ಬರೆದುಕೊಳ್ಳಿ. ಈಗ ದೊಡ್ಡದೊಂದು ಫೈಲ್ ಅಪ್‌ಲೋಡ್‌ಗೆ ಹಾಕಿ. ನಮ್ಮಲ್ಲಿ ಮೊದಲು ಪಿಂಗ್ 22ರಿಂದ 400 ಮಿಲಿಸೆಕೆಂಡ್ ಆಸುಪಾಸಿಗೆ ಜಿಗಿಯುತ್ತಿತ್ತು. ಪಾಲು ಹಂಚಿದ ಮೇಲೆ 35 ದಾಟಲಿಲ್ಲ. ಫೈಲ್ ಹೋಗುತ್ತಿರುವಾಗಲೇ ಕರೆ ಮಾಡಿ, ಫೋನ್ ಕ್ಯೂನಲ್ಲಿ ಡ್ರಾಪ್ (ಎಸೆದ ಪ್ಯಾಕೆಟ್‌ಗಳ ಲೆಕ್ಕ) ಸೊನ್ನೆ ಇದೆಯಾ ನೋಡಿ. ಸಂಜೆ ಮಾತ್ರ ಮತ್ತೆ ಕೆಟ್ಟರೆ ಆ ಹೊತ್ತಿಗೆ ಲಿಂಕ್ 17ಕ್ಕಿಂತ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. 16, 15 ಅಂತ ಇಳಿಸುತ್ತಾ ಬನ್ನಿ.

ಇಷ್ಟಕ್ಕೆ ಅರ್ಧ ಕೆಲಸ ಆಯ್ತು. ಇಲ್ಲಿಂದ ಹೋಗುವ ಮಾತಿಗೆ ಮಾತ್ರ ದಾರಿ ಸಿಕ್ಕಿದೆ. ಅಲ್ಲಿಂದ ಬರುವ ಮಾತು ಚಳ್ಳಕೆರೆಯ ಅಪ್‌ಲೋಡ್ ಅಲ್ವಾ? ಅಲ್ಲಿನ ರೂಟರ್‌ನಲ್ಲೂ ಅಳೆದು, ಅಲ್ಲಿನ ವೇಗಕ್ಕೆ ತಕ್ಕಂತೆ ಇದನ್ನೇ ಮಾಡಬೇಕು. ಆ ಬ್ರಾಂಚ್‌ನ ಡೌನ್‌ಲೋಡ್ ನಿಮ್ಮ 17ಕ್ಕಿಂತ ಕಮ್ಮಿ ಇದ್ದರೆ, ಅಲ್ಲಿಗೆ ಹೋಗುವ ಟ್ರಾಫಿಕ್‌ಗೆ ಇಲ್ಲೇ ಬೇರೆ ಕ್ಯೂ ಮಾಡಿ ಆ ವೇಗಕ್ಕಿಂತ ಸ್ವಲ್ಪ ಕೆಳಗೆ ಬಿಗಿ ಮಾಡಿ. ಇಲ್ಲದಿದ್ದರೆ ಸಾಲು ಅವರ ಕಡೆಯ ಮೋಡೆಮ್ ಹತ್ತಿರ ಹೋಗಿ ನಿಲ್ಲುತ್ತದೆ. ನಾವು ಮಾರನೇ ದಿನವೇ ಚಳ್ಳಕೆರೆಗೆ ಹೋಗಿ ಅದನ್ನು ಮುಗಿಸಿ ಬಂದೆವು.