ಹತ್ತು ನಿಮಿಷ ಓದಿದ್ದಕ್ಕೆ ಇಪ್ಪತ್ತು ಸಾವಿರವೇ?

2025ರ ಫೆಬ್ರವರಿಯಲ್ಲಿ ದಾವಣಗೆರೆಯ ನನ್ನ ಚಾರ್ಟರ್ಡ್ ಅಕೌಂಟೆಂಟ್ ಕಚೇರಿಗೆ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಜಿಎಸ್‌ಟಿ ಆದೇಶವೊಂದನ್ನು ಹಿಡಿದು ಬಂದರು. 2018-19ನೇ ಸಾಲಿಗೆ ಅವರು ಪಡೆದಿದ್ದ 6,40,000 ರೂಪಾಯಿ ಇನ್‌ಪುಟ್ ಕ್ರೆಡಿಟ್ ಅನ್ನು, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು, ತಿರಸ್ಕರಿಸಿ, ಅದರ ಮೇಲೆ ಬಡ್ಡಿ, ದಂಡಗಳನ್ನೂ ಹಾಕಲಾಗಿತ್ತು. ಮಾರ್ಚ್ 31ರೊಳಗೆ ತೆರಿಗೆಯನ್ನಷ್ಟೇ ಕಟ್ಟಿದರೆ ಜಿಎಸ್‌ಟಿ ಕಾಯ್ದೆಯ 128ಎ ಕಲಮಿನಡಿ ಬಡ್ಡಿ, ದಂಡ ಮನ್ನಾ ಆಗುತ್ತವೆಂದು ಯಾರೋ ಹೇಳಿದ್ದನ್ನು ನಂಬಿ, ಅವರು ಸಾಲ ಮಾಡಿ ಹಣ ಹೊಂದಿಸಿಕೊಂಡೇ ಬಂದಿದ್ದರು. ಅರ್ಜಿ ತುಂಬಿಕೊಡುವುದಷ್ಟೇ ನನ್ನ ಕೆಲಸವೆಂಬುದು ಅವರ ಎಣಿಕೆ.

ಆದೇಶದ ಎರಡನೇ ಪುಟದಲ್ಲಿ ತಿರಸ್ಕಾರಕ್ಕೆ ಕೊಟ್ಟಿದ್ದ ಕಾರಣ ಒಂದೇ: 16(4)ನೇ ಕಲಂ, ಅಂದರೆ ಕ್ರೆಡಿಟ್ ಪಡೆಯುವ ಗಡುವು ಮೀರಿದೆ ಎಂಬುದು. 2019ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು 3ಬಿ ರಿಟರ್ನ್‌ಗಳ (ಕ್ರೆಡಿಟ್ ಪಡೆಯುವ ಮಾಸಿಕ ತೆರಿಗೆ ಲೆಕ್ಕಪತ್ರಗಳ) ಪ್ರತಿಗಳನ್ನು ತೆಗೆಸಿ, ಸಲ್ಲಿಸಿದ ದಿನಾಂಕಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಮೂರೂ 2019ರ ಡಿಸೆಂಬರಿನವು. ಗಡುವು ಅಕ್ಟೋಬರಿನಲ್ಲೇ ಮುಗಿದಿದ್ದರಿಂದ ಆದೇಶ ಹೊರಟ ದಿನದ ಮಟ್ಟಿಗೆ ಅದರಲ್ಲಿ ತಪ್ಪಿರಲಿಲ್ಲ. ಆದರೆ 2024ರಲ್ಲಿ ಕಾಯ್ದೆಗೆ 16(5)ನೇ ಕಲಮನ್ನು ಹಿಂದಿನ ಸಾಲುಗಳಿಗೂ ಅನ್ವಯಿಸುವಂತೆ ಸೇರಿಸಿ, 2017-18ರಿಂದ 2020-21ರವರೆಗಿನ ಸಾಲುಗಳಿಗೆ 2021ರ ನವೆಂಬರ್ 30ರೊಳಗೆ ಸಲ್ಲಿಸಿದ ರಿಟರ್ನ್‌ನಲ್ಲಿ ಪಡೆದ ಕ್ರೆಡಿಟ್ ಅನ್ನು ಮಾನ್ಯ ಮಾಡಲಾಗಿದೆ. ಅದಕ್ಕೆ ಅನುಗುಣವಾಗಿ ಹಳೆಯ ಆದೇಶಗಳನ್ನು ತಿದ್ದಿಸಿಕೊಳ್ಳಲು 2024ರ ಅಕ್ಟೋಬರ್ 8ರ ಅಧಿಸೂಚನೆ ಆರು ತಿಂಗಳ ಅವಕಾಶ ಕೊಟ್ಟಿತ್ತು. ಮೇಲ್ಮನವಿ ಹಾಕಿರಬಾರದು ಎಂಬುದು ಷರತ್ತು. ಇವರು ಹಾಕಿರಲಿಲ್ಲ. ಬಡ್ಡಿಯ ಮಾತು ಹಾಗಿರಲಿ, ತೆರಿಗೆಯನ್ನೇ ಕಟ್ಟಬೇಕಾಗಿರಲಿಲ್ಲ.

ಇಷ್ಟನ್ನೂ ಅಲ್ಲೇ ಮೇಜಿನ ಮೇಲೆ ಬಿಡಿಸಿ ಹೇಳಿದ ನಂತರ ಫೀಸು ಹೇಳಿದ್ದು ನನ್ನ ತಪ್ಪು. "ಆಡಿಟ್ರೇ, ಹತ್ತು ನಿಮಿಷ ಓದಿ ಹೇಳಿದ್ದಕ್ಕೆ ಇಪ್ಪತ್ತು ಸಾವಿರ ಏನ್ರೀ?" ಎಂದರು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಉತ್ತರ ಕೈಗೆ ಬಂದ ಮೇಲೆ ಅದು ಯಾರಿಗಾದರೂ ಸುಲಭವಾಗಿಯೇ ಕಾಣುತ್ತದೆ. ನಾನು ಸಂಜೆಗಳನ್ನು ಅಧಿಸೂಚನೆ ಓದುವುದರಲ್ಲಿ ಕಳೆದದ್ದು ಅವರ ಕಣ್ಣಿಗೆ ಬಿದ್ದಿಲ್ಲ. ಸ್ವಲ್ಪ ಯೋಚಿಸಿ, "ಹಂಗಾದ್ರೆ ಉಳಿದಿದ್ರಾಗೆ ನೂರಕ್ಕೆ ಐದು ತಗೊಳ್ರಿ" ಎಂದರು. ಲೆಕ್ಕ ಹಾಕಿದರೆ ಅದು ನಾನು ಕೇಳಿದ್ದಕ್ಕಿಂತ ಹೆಚ್ಚೇ! ಆದರೆ ಕೆಲವು ಅಪವಾದಗಳನ್ನು ಬಿಟ್ಟರೆ, ಫಲಿತಾಂಶಕ್ಕೆ ಗಂಟು ಹಾಕಿದ ಶುಲ್ಕವನ್ನು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ನಮಗೆ ಅನುಮತಿಸುವುದಿಲ್ಲ. ಕೊನೆಗೆ ಹನ್ನೆರಡು ಸಾವಿರಕ್ಕೆ ಇತ್ಯರ್ಥವಾಯಿತು. ತಿದ್ದುಪಡಿ ಆದೇಶ ಬಂದು ಬೇಡಿಕೆ ಪೂರ್ತಿ ರದ್ದಾಯಿತು.

ಅಲ್ಲಿಂದ ಮುಂದೆ, ನೋಟಿಸ್ ಓದಿ ಅಭಿಪ್ರಾಯ ಕೊಡುವುದಕ್ಕೇ ಒಂದು ಶುಲ್ಕವನ್ನೂ ಉತ್ತರ ಬರೆದು ಹಾಜರಾಗುವುದಕ್ಕೆ ಬೇರೆ ಶುಲ್ಕವನ್ನೂ, ಕಡತ ಬಿಚ್ಚುವ ಮೊದಲೇ ಬರೆದುಕೊಟ್ಟು ಸಹಿ ಪಡೆಯುತ್ತಿದ್ದೇನೆ. ಓದಿದ ಮೇಲೆ "ಕಟ್ಟಿಬಿಡಿ, ಹೋರಾಡಿ ಪ್ರಯೋಜನವಿಲ್ಲ" ಎಂದು ಹೇಳಬೇಕಾಗಿ ಬಂದರೂ ಆ ಮೊದಲ ಶುಲ್ಕ ಸಲ್ಲಬೇಕು. ಇದನ್ನು ಒಪ್ಪದೆ ಇಬ್ಬರು ಹಳೆಯ ಕ್ಲೈಂಟ್‌ಗಳು ಬೇರೆ ಕಚೇರಿಗೆ ಹೋದರು. ಹಾರ್ಡ್‌ವೇರ್ ಅಂಗಡಿಯವರು ಮಾತ್ರ ಈಗಲೂ ಬರುತ್ತಾರೆ, ಈಗಲೂ ಚೌಕಾಸಿ ಮಾಡುತ್ತಾರೆ.