ಸೂರ್ಯಕಾಂತಿ: ಕಾಳು ಜೊಳ್ಳಾಗದಂತೆ ಹೀಗೆ ಮಾಡಿ

ಹೊಲ ತುಂಬ ಹಳದಿ ಹೂ ಕಂಡರೂ ತೆನೆಯ ನಡುಭಾಗವೆಲ್ಲ ಜೊಳ್ಳು. ಸೂರ್ಯಕಾಂತಿ ಬೆಳೆಯುವವರು ಹೇಳುವ ದೂರು ಇದೇ. ಬಹಳ ಸಲ ಇದಕ್ಕೆ ಕಾರಣ ಪರಾಗಸ್ಪರ್ಶದ ಕೊರತೆ.

ನಾವು ಒಂದು ಹೂ ಎನ್ನುವುದು ನಿಜಕ್ಕೂ ನೂರಾರು ಸಣ್ಣ ಹೂಗಳ ಗೊಂಚಲು. ಅವು ಅಂಚಿನಿಂದ ನಡುವಿನತ್ತ ಸುತ್ತುಸುತ್ತಾಗಿ, ಸುಮಾರು ವಾರದ ಕಾಲ ಅರಳುತ್ತವೆ. ಪ್ರತಿ ಹೂವಿನಲ್ಲೂ ಮೊದಲು ಪರಾಗ ಹೊರಬೀಳುತ್ತದೆ, ಪರಾಗ ಹಿಡಿಯುವ ಹೆಣ್ಣು ಭಾಗವಾದ ಶಲಾಕೆ ಆಮೇಲೆ ಸಿದ್ಧವಾಗುತ್ತದೆ. ಹಾಗಾಗಿ ಪರಾಗವನ್ನು ಹೊತ್ತು ತರುವವರು ಬೇಕು. ಆ ಕೆಲಸ ಜೇನಿನದು. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟರೆ ಒಳ್ಳೆಯದು. ಹೂ ಬಿಟ್ಟಾಗ ಕೀಟನಾಶಕ ಬೇಡವೇ ಬೇಡ. ಅನಿವಾರ್ಯವಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ.

ಹೊರಗಿನ ಹಳದಿ ದಳಗಳು ಬಿಚ್ಚಿಕೊಳ್ಳುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಕರಗಿಸಿ ತೆನೆಗೆ ಸಿಂಪಡಿಸಿ. ಬೋರಾಕ್ಸ್‌ನಲ್ಲಿರುವ ಬೋರಾನ್ ಎಂಬ ಪೋಷಕಾಂಶ ಕಡಿಮೆಯಾದರೂ ಕಾಳು ಕಟ್ಟುವುದಿಲ್ಲ. ಮೊಗ್ಗಿನಿಂದ ಕಾಳು ತುಂಬುವವರೆಗೆ ತೇವ ಆರಗೊಡಬೇಡಿ.

ಜೇನು ಕಡಿಮೆಯಿದ್ದರೆ ಕೈ ಕೆಲಸಕ್ಕೆ ಇಳಿಯಲೇಬೇಕು. ಬೆಳಿಗ್ಗೆ 8ರಿಂದ 11ರೊಳಗೆ, ಇಬ್ಬನಿ ಆರಿದ ಮೇಲೆ, ಅಂಗೈಗೆ ಮೆತ್ತನೆಯ ಮಲ್ ಬಟ್ಟೆ ಸುತ್ತಿಕೊಂಡು ತೆನೆಯಿಂದ ತೆನೆಗೆ ಹಗುರವಾಗಿ ಸವರುತ್ತ ಹೋಗಿ. ಒತ್ತಿ ಉಜ್ಜಿದರೆ ಹೂ ಮುರಿಯುತ್ತದೆ. ದಿನ ಬಿಟ್ಟು ದಿನ, ನಡುವಿನ ಹೂಗಳು ಅರಳಿ ಮುಗಿಯುವವರೆಗೂ ಮಾಡಿ. ಒಂದೇ ದಿನಕ್ಕೆ ನಿಲ್ಲಿಸಿದರೆ ಅಂದು ಅರಳಿದ ಸುತ್ತಿಗಷ್ಟೇ ಲಾಭ. ಎಳೆ ಗಿಡ ಸೂರ್ಯನ ಜೊತೆ ತಿರುಗಿದರೂ ಅರಳಿದ ತೆನೆ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಸಾಲಿನಲ್ಲಿ ಪಶ್ಚಿಮದತ್ತ ನಡೆಯಿರಿ, ತೆನೆಗಳು ಎದುರಿಗೇ ಸಿಗುತ್ತವೆ. ಗುಂಡ್ಲುಪೇಟೆ ಕಡೆ ಹೆದ್ದಾರಿ ಪಕ್ಕದ ಹೊಲಗಳಲ್ಲಿ ಫೋಟೊಗೆ ನುಗ್ಗುವವರೂ ಇಷ್ಟು ತಿಳಿದಿದ್ದರೆ ಗಿಡ ತುಳಿದು ಸುತ್ತಾಡುವುದು ತಪ್ಪೀತು!

ಕಾಳು ಹಾಲುಗಟ್ಟಿದ ಕೂಡಲೇ ಗಿಳಿ ಬರುತ್ತವೆ. ಹೊಳೆಯುವ ರಿಬ್ಬನ್ ಕಟ್ಟಿ. ಬೆಳಿಗ್ಗೆ ಸಂಜೆ ಕಾವಲೂ ಬೇಕು.

ತೆನೆಯ ಹಿಂಬದಿ ನಿಂಬೆ ಹಳದಿಗೆ ತಿರುಗಿದಾಗ ಕೊಯ್ದು, ಬಿಸಿಲಿಗೆ ಒಣಗಿಸಿ, ಕೋಲಿನಿಂದ ಬಡಿಯಿರಿ. ತೂರಿದರೆ ಜೊಳ್ಳೆಷ್ಟು ಎಂದು ತಿಳಿಯುತ್ತದೆ. ಚೆನ್ನಾಗಿ ಒಣಗದ ಕಾಳು ಮುಗ್ಗುತ್ತದೆ, ಚೀಲಕ್ಕೆ ತುಂಬುವ ಅವಸರ ಬೇಡ. ಮನೆಗೆ ಬೇಕಾದಷ್ಟನ್ನು ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸಿಕೊಳ್ಳಿ. ಹಿಂಡಿಯನ್ನು ಅಲ್ಲೇ ಬಿಟ್ಟು ಬರಬೇಡಿ, ಕರೆಯುವ ಎಮ್ಮೆಗೆ ಅದು ಒಳ್ಳೆಯ ಮೇವು.