ಹೊರಗೆ ಬೆವರು, ಒಳಗೆ ಬಿರುಕು: ಎಸಿ ಅಂಗಡಿಯಲ್ಲಿ ದುಡಿಯುವವರಿಗೆ

ಕಾಸರಗೋಡಿನ ಬೇಸಿಗೆಯಲ್ಲಿ ಚರ್ಮ ಒಣಗುತ್ತದೆ ಅಂದರೆ ಮನೆಯವರು ನಗುತ್ತಾರೆ. ಬದಿಯಡ್ಕದಲ್ಲಿ ಬಸ್ಸು ಹತ್ತಿ ಪೇಟೆ ತಲುಪುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟಿರುತ್ತದೆ, ಒಣಗುವ ಮಾತೆಲ್ಲಿಂದ ಬಂತು? ಆದರೆ ನನ್ನ ಕೆಲಸ ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ. ಬೆಳಗ್ಗೆಯಿಂದ ರಾತ್ರಿವರೆಗೆ ಎಸಿ. ಬಿಸು ಹಬ್ಬ ಮತ್ತು ಮದುವೆಗಳ ಸಮಯದಲ್ಲಿ ಜನ ಜಾಸ್ತಿ, ಬಾಗಿಲು ಮುಚ್ಚುವುದೇ ಇಲ್ಲ, ಹಾಗಾಗಿ ಎಸಿಯನ್ನು ಇನ್ನೂ ಇಳಿಸುತ್ತಾರೆ. ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹಲವರ ಬೆರಳ ತುದಿ ಬಿರಿದಿರುತ್ತದೆ. ರೇಷ್ಮೆ ಸೀರೆ ಬಿಡಿಸುವಾಗ ಒರಟು ಬೆರಳು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಸೀರೆ ನೋಡಲು ಬಂದ ಅಕ್ಕಂದಿರು ಸೀರೆ ಬಿಟ್ಟು ನಮ್ಮ ಕೈ ನೋಡುತ್ತಾರೆ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಸಿ ಗಾಳಿಯನ್ನು ತಣ್ಣಗೆ ಮಾಡುವುದಷ್ಟೇ ಅಲ್ಲ, ಅದರಲ್ಲಿರುವ ನೀರನ್ನೂ ತೆಗೆಯುತ್ತದೆ. ಅಂಗಡಿಯ ಹಿಂದಿನ ಗೋಡೆಯ ಪೈಪಿನಿಂದ ನೀರು ತೊಟ್ಟಿಕ್ಕುತ್ತಿರುತ್ತದಲ್ವಾ, ಅದು ನಾವು ನಿಂತ ಕೋಣೆಯ ಗಾಳಿಯದ್ದೇ ನೀರು. ಹೀಗೆ ಒಣಗಿದ ಗಾಳಿ ಮೈಮೇಲೆ ಬೀಸುತ್ತಲೇ ಇದ್ದರೆ ಚರ್ಮದ ನೀರೂ ಹಾರಿಹೋಗುತ್ತದೆ. ಅದನ್ನು ತಡೆಯಬೇಕಾದದ್ದು ಚರ್ಮದ ಮೇಲ್ಪದರದ ಜಿಡ್ಡು. ಆ ಜಿಡ್ಡನ್ನೇ ಬೆಳಗ್ಗೆ ಸೋಪು ಹಾಕಿ ತಿಕ್ಕಿ ತೊಳೆದು ಬಂದಿರುತ್ತೇವೆ. ಅದಕ್ಕೇ ನಾನು ಹೇಳುವುದು, ತೊಂದರೆ ಶುರುವಾಗುವುದು ಅಂಗಡಿಯಲ್ಲಲ್ಲ, ಬಚ್ಚಲಲ್ಲಿ.

ನಮ್ಮ ಕಡೆ ಎಷ್ಟು ಸೆಕೆ ಇದ್ದರೂ ಹಂಡೆಯ ಬಿಸಿನೀರೇ ಆಗಬೇಕು. ಬೆಳಗ್ಗೆ ಒಂದು ಸ್ನಾನ, ಸಂಜೆ ಬೆವರು ಹೋಗಲು ಇನ್ನೊಂದು. ಎರಡು ಸಲ ಬೇಡ ಅನ್ನುವುದಿಲ್ಲ, ನಾನೂ ಬಿಡುವುದಿಲ್ಲ. ಆದರೆ ನೀರು ಉಗುರುಬೆಚ್ಚಗಿದ್ದರೆ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಕೈಕಾಲುಗಳ ಬೆವರಿಗೆ ಬರೀ ನೀರು ಸಾಕಾಗುತ್ತದೆ. ಮಾಮೂಲಿ ಸೋಪಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10ರ ಆಸುಪಾಸು, ಚರ್ಮದ್ದು ಸುಮಾರು 5. ಮೆಡಿಕಲ್‌ನಲ್ಲಿ ಸಿಂಡೆಟ್ ಬಾರ್ ಅಂತ ಕೇಳಿದರೆ ಸೋಪಿನ ಬದಲು ಬಳಸುವ, ಚರ್ಮಕ್ಕೆ ಹೊಂದುವಂಥ ಬಿಲ್ಲೆ ಕೊಡುತ್ತಾರೆ. ಬೆಲೆ ಜಾಸ್ತಿ, ಆದರೆ ಹಾಕುವ ಜಾಗ ಕಡಿಮೆಯಾದ್ದರಿಂದ ಬೇಗ ಮುಗಿಯುವುದಿಲ್ಲ. ಕಡಲೆಹಿಟ್ಟು ಒಳ್ಳೆಯದು ಅನ್ನುವವರಿದ್ದಾರೆ. ಅದು ಜಿಡ್ಡು ಹೀರುತ್ತದೆ, ಒಣ ಚರ್ಮದವರು ದೂರ ಇಡಿ. ಸ್ನಾನ ಮುಗಿದ ಮೇಲೆ ಬೈರಾಸಿನಿಂದ ತಿಕ್ಕಬೇಡಿ, ಮೆತ್ತಗೆ ಒತ್ತಿ. ಮೈಯಲ್ಲಿ ಸ್ವಲ್ಪ ಒದ್ದೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಹಚ್ಚಬೇಕಾದದ್ದನ್ನು ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು.

ಏನು ಹಚ್ಚಬೇಕು? ಬೆಳಗ್ಗೆ ತೆಳ್ಳಗಿನ ಲೋಷನ್. ಗ್ಲಿಸರಿನ್ ಇರುವಂಥದ್ದು, ಪರಿಮಳ ಇಲ್ಲದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ದಪ್ಪ ಕ್ರೀಮ್ ಹಚ್ಚಿ ಬಸ್ಸಿನಲ್ಲಿ ನಿಂತರೆ ಬೆವರಿನ ಜೊತೆ ಸೇರಿ ಮೈಯೆಲ್ಲಾ ಅಂಟಂಟು. ಬರೀ ಗ್ಲಿಸರಿನ್ ನೇರವಾಗಿ ಬಿರಿದ ಚರ್ಮಕ್ಕೆ ಹಾಕಬೇಡಿ, ಉರಿಯುತ್ತದೆ. ಮೈಗೆ ಟಾಲ್ಕಂ ಪೌಡರ್ ಸುರಿದುಕೊಂಡು ಬರುವವರು ಒಣ ಜಾಗಕ್ಕೆ ಅದನ್ನು ತಾಗಿಸದಿರಿ.

ತೆಂಗಿನೆಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಮನೆಗಳಲ್ಲಿ ಎಲ್ಲ ಕಾಯಿಲೆಗೂ ಅದೇ ಮದ್ದಲ್ವಾ! ಕೈಕಾಲಿನ ಒಣ ಚರ್ಮಕ್ಕೆ ಅದು ನಿಜಕ್ಕೂ ಒಳ್ಳೆಯದು. ಆದರೆ ರಾತ್ರಿ ಹೊತ್ತು. ಹಗಲಲ್ಲಿ ಎಣ್ಣೆ ಕೈಯಲ್ಲಿ ಸೀರೆ ಮುಟ್ಟಿದರೆ ಕಲೆ, ಆ ಸೀರೆಯ ದುಡ್ಡು ಯಾರ ಸಂಬಳದಿಂದ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಮೊಡವೆ ಬರುವ ಮುಖಕ್ಕೆ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಕೈಯನ್ನು ನೀರಲ್ಲಿ ಒದ್ದೆ ಮಾಡಿ, ಎಣ್ಣೆ ಇಲ್ಲವೇ ಪೆಟ್ರೋಲಿಯಂ ಜೆಲ್ಲಿ ಸವರಿ, ಹಳೆಯ ಕಾಟನ್ ಸಾಕ್ಸ್ ಕೈಗೆ ಹಾಕಿ ಮಲಗಿ. ನೋಡಿದವರು ನಗಲಿ. ಬೆಳಗ್ಗೆಯೇ ವ್ಯತ್ಯಾಸ ಗೊತ್ತಾಗುತ್ತದೆ.

ಡ್ರಾಯರಿನಲ್ಲಿ ತೆಂಗಿನೆಣ್ಣೆಯ ಸಣ್ಣ ಬಾಟಲಿ ಇಟ್ಟುಕೊಂಡರೆ ಇನ್ನೊಂದು ಉಪಯೋಗ ಇದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿದ್ದರೆ ಎಸಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಇಳಿಸಿದ್ದಾರೆ ಅಂತಲೇ ಅರ್ಥ. ಮ್ಯಾನೇಜರರಿಗೆ ಬಾಟಲಿ ತೋರಿಸಿ ಕೇಳಬಹುದು. 2020ರ ಜನವರಿಯಿಂದ ಮಾರಾಟಕ್ಕೆ ಬರುವ ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ಸರ್ಕಾರದ ನಿಯಮವೇ ಇದೆ. ಕರೆಂಟ್ ಬಿಲ್ಲಿನ ಮಾತು ಸೇರಿಸಿದರೆ ಬೇಗ ಒಪ್ಪುತ್ತಾರೆ. 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿದರೆ ಗಿರಾಕಿಗಳಿಗೂ ಏನೂ ಕಷ್ಟ ಇಲ್ಲ. ರಿಮೋಟಿನಲ್ಲಿ ನೀರಿನ ಹನಿಯ ಚಿತ್ರ ಇರುತ್ತದೆ. ತೇವ ಕೊಡುವ ಗುಂಡಿ ಅಂದುಕೊಂಡು ಅದನ್ನು ಒತ್ತುವವರಿದ್ದಾರೆ. ಅದು ಡ್ರೈ ಮೋಡ್, ಗಾಳಿಯ ತೇವ ತೆಗೆಯುವುದಕ್ಕೇ ಇರುವುದು. ಗಾಳಿ ಹೊರಬರುವ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿ. ಸಾಧ್ಯವಾದರೆ ಎಸಿಯ ನೇರ ಕೆಳಗಿನ ಜಾಗ ಬಿಡಿ.

ಮೂಲೆಯಲ್ಲಿ ನೀರಿನ ಪಾತ್ರೆ ಇಡುವುದರಿಂದ ದೊಡ್ಡ ಲಾಭ ಇಲ್ಲ. ಅದರಿಂದ ಬಂದ ತೇವವನ್ನು ಎಸಿ ಮತ್ತೆ ಪೈಪಿಗೇ ಕಳಿಸುತ್ತದೆ. ಅಕ್ಕಲಕೋಟೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು, ಎಸಿ ಯಾಕೆ, ಕೂಲರ್ ಹಾಕಿಸಿ ಅನ್ನುತ್ತಾಳೆ. ಅಲ್ಲಿಯ ಒಣ ಬಿಸಿಲಿಗೆ ನೀರು ಸುರಿಯುವ ಕೂಲರ್ ಸರಿ, ತಂಪಿನ ಜೊತೆ ತೇವವನ್ನೂ ಕೊಡುತ್ತದೆ. ಸಮುದ್ರದ ಪಕ್ಕದ ನಮ್ಮೂರಿನಲ್ಲಿ ಅದು ಸೆಕೆಯನ್ನೇ ಹೆಚ್ಚಿಸುತ್ತದೆ.

ಕೌಂಟರಿನಲ್ಲಿ ಕೈಗೆ ಬೇರೆಯೇ ಕಾಟ. ನಮ್ಮ ಕಾಸರಗೋಡು ಸೀರೆಯಂಥ ಹೊಸ ಕಾಟನ್, ಅದರ ಗಂಜಿ, ರಟ್ಟಿನ ಪೆಟ್ಟಿಗೆ, ನೋಟಿನ ಕಟ್ಟು, ಎಲ್ಲವೂ ಬೆರಳಿನ ಜಿಡ್ಡು ಹೀರುತ್ತವೆ. ಸಾಲದ್ದಕ್ಕೆ ಸ್ಯಾನಿಟೈಸರ್. ಬೇಗ ಹೀರಿಕೊಳ್ಳುವ ಹ್ಯಾಂಡ್ ಕ್ರೀಮ್ ಒಂದು ಟ್ಯೂಬ್ ಇಟ್ಟುಕೊಳ್ಳಿ. ಚಹಾಕ್ಕೆ ಹೋಗುವ ಮೊದಲು ಹಚ್ಚಿದರೆ ವಾಪಸ್ ಬರುವಾಗ ಕೈ ಒಣಗಿರುತ್ತದೆ, ಬಟ್ಟೆಗೆ ಕಲೆ ಆಗುವುದಿಲ್ಲ.

ತುಟಿಯನ್ನು ನಾಲಗೆಯಿಂದ ಸವರುವ ಅಭ್ಯಾಸ ಬಿಡಿ, ಜೊಲ್ಲು ಆರಿದಾಗ ತುಟಿ ಇನ್ನೂ ಒಣಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಸಾಕು. ಬಸ್ಸಿನ ಕಿಟಕಿ ಬದಿ ಕೂರುವವರು ಮುಖಕ್ಕೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ.

ಹಿಮ್ಮಡಿಗೆ ಅಜ್ಜಿಯ ಕಾಲದ ಮದ್ದೇ ನನಗೆ ಇಷ್ಟ. ಪುನರ್ಪುಳಿಯ (ಕೋಕಂ) ಬೀಜದಿಂದ ತೆಗೆದ ಗಟ್ಟಿ ಎಣ್ಣೆಯನ್ನು ಸ್ವಲ್ಪ ಬಿಸಿ ಮಾಡಿ, ಬಿರುಕಿಗೆ ತುಂಬುವುದು. ಅದು ಸಿಗದಿದ್ದರೆ ಶೇಕಡಾ 10ರ ಯೂರಿಯಾ ಕ್ರೀಮ್. ದಿನವಿಡೀ ನಿಂತು ಭಾರ ಬಿದ್ದರೂ ಹಿಮ್ಮಡಿ ಒಡೆಯುತ್ತದೆ. 2018ರಲ್ಲಿ ಕೇರಳದ ಅಂಗಡಿ ಕಾನೂನಿಗೆ ತಿದ್ದುಪಡಿ ಆಗಿ ನಮಗೆ ಕೂರುವ ಹಕ್ಕು ಸಿಕ್ಕಿದೆ. ಗಿರಾಕಿ ಇಲ್ಲದಾಗ ಕೂರಿ, ಅದಕ್ಕೆ ಯಾರ ಮುಖವನ್ನೂ ನೋಡಬೇಡಿ.

ನೀರು ಕುಡಿದರೆ ಚರ್ಮ ಹೊಳೆಯುತ್ತದೆ ಅನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೇಲಿಂದ ಹಚ್ಚದೆ ಬರೀ ಕುಡಿದರೆ ಬಿರುಕು ಹೋಗದು. ಆದರೆ ಎಸಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಶೌಚಾಲಯ ದೂರ ಅಂತ ನಮ್ಮ ಹುಡುಗಿಯರು ಸುಮ್ನೆ ಇದ್ದುಬಿಡುತ್ತಾರೆ. ಮೂತ್ರದ ಉರಿ ಬರುವುದು ಹೀಗೇ. ಬಾಟಲಿ ಹತ್ತಿರ ಇರಲಿ.

ಇನ್ನೊಂದು. ತೊಡೆಸಂದಿನಲ್ಲೋ ಸೊಂಟದಲ್ಲೋ ಉಂಗುರದ ಹಾಗೆ ಅಂಚು ಎದ್ದು ತುರಿಸುತ್ತಿದ್ದರೆ ಅದು ಒಣ ಚರ್ಮ ಅಲ್ಲ, ಫಂಗಸ್ ಇರಬಹುದು. ಬೆವರಿನ ಊರಿನಲ್ಲಿ ಇದು ಮಾಮೂಲು. ಮೆಡಿಕಲ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಸೇರಿದ ಟ್ಯೂಬ್ ಹಚ್ಚಿದರೆ ಮೊದಲು ಕಡಿಮೆಯಾದ ಹಾಗೆ ಕಂಡು ಆಮೇಲೆ ಹರಡುತ್ತದೆ. ಚರ್ಮದ ಡಾಕ್ಟರರಿಗೇ ತೋರಿಸಿ. ಬಿರುಕಿನಿಂದ ರಕ್ತ ಬಂದರೂ, ಎಷ್ಟು ಹಚ್ಚಿದರೂ ಮೈ ಒಣಗುತ್ತಲೇ ಇದ್ದರೂ ಅಷ್ಟೇ. ಹಾಗೆ ಹೋದಾಗ ಶುಗರ್, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.